ಶಾಂತ ಹೊಳೆ, ಹದಿನಾರು ಜನ, ಸೊಂಟದೆತ್ತರದ ಒಂದು ಒಡ್ಡು

ಪ್ರಶ್ನೆ: ನಾನು ಮತ್ತು ನನ್ನ ಇಬ್ಬರು ಗೆಳೆಯರು ಕೆಲವು ವರ್ಷಗಳಿಂದ ಹತ್ತಿರದ ನದಿಯಲ್ಲಿ ಕಯಾಕ್ (ಎರಡೂ ತುದಿಗೆ ಅಲಗಿರುವ ಹುಟ್ಟಿನ ಕಿರುದೋಣಿ) ನಡೆಸುತ್ತಿದ್ದೇವೆ. ಇನ್ನು ಮುಂದೆ ತಿಂಗಳಿಗೊಮ್ಮೆ ಸುತ್ತಮುತ್ತಲಿನವರನ್ನೂ ಸೇರಿಸಿಕೊಂಡು ಹೋಗಬೇಕೆಂದಿದ್ದೇವೆ. ಮೊದಲ ಸಲಕ್ಕೇ ಹದಿನಾರು ಜನ ಹೆಸರು ಕೊಟ್ಟಿದ್ದಾರೆ. ಅವರಲ್ಲಿ ಇಬ್ಬರು ಮಕ್ಕಳು, ನಾಲ್ಕೈದು ಜನರಿಗೆ ಈಜು ಬಾರದು. ನದಿ ಬಹಳ ಶಾಂತವಾಗಿದೆ. ದಾರಿಯಲ್ಲಿ ಸೊಂಟದೆತ್ತರದ ಒಂದು ಒಡ್ಡು ಇದೆ, ಅಷ್ಟೇ. ನೀರು ಚೆನ್ನಾಗಿದ್ದಾಗ ನಾವು ಅದರ ಮೇಲಿಂದಲೇ ಜಾರಿ ಇಳಿದಿದ್ದೇವೆ. ಏನೇನು ಸಿದ್ಧತೆ ಬೇಕು? ಹೊಸಬರಿಗೆ ಕೆನೋ (ಒಂದೇ ಅಲಗಿನ ಹುಟ್ಟಿನ ತೆರೆದ ದೋಣಿ) ಒಳ್ಳೆಯದೋ ಕಯಾಕೋ? ಎಲ್ಲರಿಂದ ಒಪ್ಪಿಗೆ ಪತ್ರ ಬರೆಸಿಕೊಂಡರೆ ಸಾಕೇ?

ಉತ್ತರ: ಒಡ್ಡಿನ ವಿಷಯವನ್ನು ನೀವು ‘ಅಷ್ಟೇ’ ಎಂದು ಮುಗಿಸಿದ್ದೀರಿ. ನಾನು ಅಲ್ಲಿಂದಲೇ ಆರಂಭಿಸುತ್ತೇನೆ.

ನದಿಗೆ ಅಡ್ಡಲಾಗಿ ಕಟ್ಟಿದ ಗಿಡ್ಡ ಗೋಡೆಯ ಮೇಲಿಂದ ನೀರು ಒಂದೇ ಸಮನೆ ಹರಿದು ಬಿದ್ದಾಗ ಅದು ನೇರವಾಗಿ ತಳಕ್ಕೆ ಇಳಿಯುತ್ತದೆ. ತಳ ಮುಟ್ಟಿದ ನೀರಿನಲ್ಲಿ ಒಂದು ಭಾಗ ಮುಂದಕ್ಕೆ ಹೋಗುತ್ತದೆ. ಇನ್ನೊಂದು ಭಾಗ ಮೇಲೆದ್ದು, ಮೇಲ್ಮೈಯಲ್ಲಿ ಹಿಮ್ಮುಖವಾಗಿ ಗೋಡೆಯ ಕಡೆಗೇ ಹರಿಯುತ್ತದೆ. ಅದರೊಳಗೆ ಸಿಕ್ಕ ಮನುಷ್ಯನನ್ನು, ದೋಣಿಯನ್ನು, ಮರದ ತುಂಡನ್ನು ನೀರು ಗೋಡೆಯ ಬುಡಕ್ಕೆ ಎಳೆದು, ಮುಳುಗಿಸಿ, ಎತ್ತಿ, ಮತ್ತೆ ಗೋಡೆಯ ಬುಡಕ್ಕೇ ಎಳೆಯುತ್ತದೆ. ಗಾಳಿಗುಳ್ಳೆ ತುಂಬಿದ ಆ ಬಿಳಿ ನೀರಿಗೆ ತೇಲಿಸುವ ಶಕ್ತಿಯೂ ಕಡಿಮೆ. ಹೀಗಾಗಿ ಲೈಫ್ ಜಾಕೆಟ್ ತೊಟ್ಟ ಒಳ್ಳೆಯ ಈಜುಗಾರರೂ ಅಲ್ಲಿ ಸತ್ತಿದ್ದಾರೆ. ಅವರನ್ನು ಎಳೆದುಕೊಳ್ಳಲು ದೋಣಿಯಲ್ಲಿ ಹತ್ತಿರ ಹೋದವರೂ ಸತ್ತಿದ್ದಾರೆ. ಗೋಡೆ ಗಿಡ್ಡ ಎಂಬುದು ಸಮಾಧಾನದ ಮಾತಲ್ಲ. ಈ ಮರುಸೆಳೆತ ಎಷ್ಟು ಬಲವಾಗಿದೆ ಎಂಬುದು ಎತ್ತರವೊಂದರಿಂದಲೇ ತೀರ್ಮಾನವಾಗುವುದಿಲ್ಲ. ಮೇಲಿನಿಂದ ಬೀಳುವ ನೀರೆಷ್ಟು, ಕೆಳಗೆ ನಿಂತ ನೀರಿನ ಆಳವೆಷ್ಟು ಎಂಬುದರ ಮೇಲೆ ಅದು ದಿನದಿಂದ ದಿನಕ್ಕೆ ಬದಲಾಗುತ್ತದೆ. ನೀವು ಸುಖವಾಗಿ ಜಾರಿ ಇಳಿದ ಒಡ್ಡು ಇನ್ನೊಂದು ದಿನ ಬೇರೆಯೇ ಒಡ್ಡು.

ಇನ್ನೊಂದು ತೊಂದರೆಯೆಂದರೆ ದೋಣಿಯಲ್ಲಿ ಕುಳಿತವರಿಗೆ ಒಡ್ಡು ಕಾಣುವುದೇ ಇಲ್ಲ. ಮೇಲ್ಭಾಗದಲ್ಲಿ ನೀರು ಕೆರೆಯ ಹಾಗೆ ನಿಂತಿರುತ್ತದೆ, ಸದ್ದೂ ಕಡಿಮೆ. ಮುಂದೆ ನೀರಿಗೊಂದು ಅಡ್ಡಗೆರೆ ಎಳೆದಂತೆ ಕಂಡರೆ, ಅದರಾಚೆಗಿನ ಮರಗಳ ತುದಿಗಳಷ್ಟೇ ಕಂಡು ಬುಡ ಕಾಣದಿದ್ದರೆ, ಒಡ್ಡು ಬಂದಿತೆಂದೇ ಅರ್ಥ. ಹೊಸಬರಿಗೆ ಆ ಗೆರೆಯನ್ನು ಗುರುತಿಸಲು ಬಾರದು. ಗುರುತಿಸಿದರೂ ದಡಕ್ಕೆ ತಿರುಗಿಸುವಷ್ಟು ಹೊತ್ತು ಉಳಿದಿರುವುದಿಲ್ಲ.

ಆದ್ದರಿಂದ ಹೊಸಬರ ತಂಡವನ್ನು ಒಡ್ಡಿರುವ ದಾರಿಯಲ್ಲಿ ಒಯ್ಯಲೇಬೇಡಿ. ಒಡ್ಡಿಗಿಂತ ಸ್ವಲ್ಪ ಮೇಲೆ ಇಳಿದು, ದೋಣಿಗಳನ್ನು ಹೊತ್ತು ದಾಟಿಸುತ್ತೇವೆ ಎಂದು ನೀವು ಹೇಳಬಹುದು. ಮೂವರು ಅನುಭವಿಗಳಿಗೆ ಅದು ಸರಿ. ಆದರೆ ಅಂದು ಇಳಿಯುವ ಜಾಗ ತಪ್ಪಿಸಿಕೊಂಡ ಒಬ್ಬನಿಗೆ ಮುಂದಿರುವುದು ಒಡ್ಡೇ. ಹೊರಡುವ ಜಾಗವನ್ನೇ ಒಡ್ಡಿನ ಕೆಳಗೆ, ಬಹಳ ದೂರದಲ್ಲಿ ಇಟ್ಟುಕೊಳ್ಳಿ. ಕೆಳಗಿನಿಂದಲೂ ಯಾರೂ ಅದನ್ನು ಹತ್ತಿರದಿಂದ ನೋಡಲು ಹೋಗದಿರಲಿ. ಮರುಸೆಳೆತ ಕೆಳಗಿನಿಂದ ಬಂದ ದೋಣಿಯನ್ನೂ ಒಳಗೆಳೆದುಕೊಳ್ಳುತ್ತದೆ. ನೀವೂ ಇನ್ನು ಜಾರಿ ಇಳಿಯುವುದನ್ನು ನಿಲ್ಲಿಸಿ. ಹೊಸಬರು ನಿಮ್ಮ ಬಾಯಿಮಾತಿಗಿಂತ ನೀವು ಮಾಡಿದ್ದನ್ನು ಹೆಚ್ಚು ಬೇಗ ಕಲಿಯುತ್ತಾರೆ.

ಇಂಥ ತಂಡಗಳನ್ನು ಕೆಡಿಸುವುದು ಹುಂಬತನಕ್ಕಿಂತ ಹೆಚ್ಚಾಗಿ ದಾಕ್ಷಿಣ್ಯ. ಹೆಸರು ಕೊಟ್ಟವರಿಗೆ ಬೇಡವೆನ್ನಲು ಸಂಕೋಚ. ಬಂದವರಿಗೆ ಹೆದರಿಕೆಯಾಗುತ್ತಿದೆ ಎನ್ನಲು ನಾಚಿಕೆ. ನೀರು ಏರಿದೆ ಎಂದು ಮೂವರಿಗೂ ಅನಿಸಿರುತ್ತದೆ, ಆದರೆ ಇನ್ನೊಬ್ಬರು ಹೇಳಲಿ ಎಂದು ಮೂವರೂ ಕಾಯುತ್ತಾರೆ. ಅದಕ್ಕೆ ಹಿಂದಿನ ದಿನವೇ ಒಬ್ಬರನ್ನು ಮುಖ್ಯಸ್ಥರೆಂದು ಗೊತ್ತುಮಾಡಿ. ಇವತ್ತು ಬೇಡ, ಇವರು ಬೇಡ ಎನ್ನುವ ಅಧಿಕಾರ ಅವರೊಬ್ಬರದು. ಕಾರಣ ಕೊಟ್ಟು ವಾದಿಸುವ ಹೊರೆ ಅವರಿಗಿರಬಾರದು. ಹಿಂದೆ ಸರಿಯುವ ಹಕ್ಕು ಮಾತ್ರ ಪ್ರತಿಯೊಬ್ಬರಿಗೂ ಇರಬೇಕು, ಮಕ್ಕಳಿಗೂ ಸೇರಿ. ಅದನ್ನು ದಡದಲ್ಲಿ ಎಲ್ಲರೆದುರಿಗೆ ಬಾಯಿಬಿಟ್ಟು ಹೇಳಿ.

ಈ ಅಧಿಕಾರವನ್ನು ಮೊದಲು ಬಳಸಬೇಕಾದದ್ದು ನಿಮ್ಮ ಪಟ್ಟಿಯ ಮೇಲೆಯೇ. ಮೂವರು ಅನುಭವಿಗಳಿಗೆ ಹದಿನಾರು ಹೊಸಬರು ಹೆಚ್ಚಾಯಿತು. ಒಂದು ಸಲಕ್ಕೆ ಆರು ಜನ ಎಂಬುದು ನನ್ನ ಲೆಕ್ಕ. ಒಬ್ಬ ಅನುಭವಿ ಇಬ್ಬರ ಮೇಲೆ ಕಣ್ಣಿಡಬಲ್ಲ. ಒಂದು ದೋಣಿ ಮಗುಚಿತೆಂದರೆ ಒಬ್ಬ ಅಲ್ಲಿ ಸಿಲುಕುತ್ತಾನೆ, ಉಳಿದ ಐವರನ್ನು ಇಬ್ಬರು ನೋಡಿಕೊಳ್ಳಬೇಕಾಗುತ್ತದೆ. ಹದಿನಾರು ಜನರಿದ್ದರೆ ಆ ಹೊತ್ತಿಗೆ ಹದಿನೈದು ಜನ ಹೊಳೆಯ ತುಂಬ ಹರಡಿಹೋಗಿರುತ್ತಾರೆ. ಮೂರು ಗುಂಪು ಮಾಡಿ ಮೂರು ಬೇರೆ ದಿನ ಕರೆಯಿರಿ. ಮೊದಲ ಗುಂಪಿನಲ್ಲಿ ಚೆನ್ನಾಗಿ ಕಲಿತ ಒಬ್ಬಿಬ್ಬರು ಮುಂದಿನ ಗುಂಪಿಗೆ ಕೈಜೋಡಿಸುತ್ತಾರೆ.

ಈಜು ಬಾರದವರ ವಿಷಯ. ಈಜು ಬರುತ್ತದೆಯೇ ಎಂದು ಕೇಳಿದರೆ ಉಪಯುಕ್ತ ಉತ್ತರ ಸಿಗುವುದು ಕಡಿಮೆ. ಕೊಳದಲ್ಲಿ ಈಜುವವರೂ ಹೊಳೆಯಲ್ಲಿ ಬಟ್ಟೆ ತೊಟ್ಟು ಮಗುಚಿಬಿದ್ದಾಗ ಕಂಗಾಲಾಗುತ್ತಾರೆ. ಈಜು ಬಾರದ ಕೆಲವರು ಲೈಫ್ ಜಾಕೆಟ್ ನಂಬಿ ತಣ್ಣಗೆ ತೇಲುತ್ತಾರೆ. ತಿಳಿಯಬೇಕಾದದ್ದು ಮುಖ ನೀರೊಳಗೆ ಹೋದಾಗ ಈ ವ್ಯಕ್ತಿ ಏನು ಮಾಡುತ್ತಾರೆ ಎಂಬುದು. ಹಾಗಾಗಿ ಹೊಳೆಗೆ ಹೋಗುವ ಮೊದಲು ನಿಂತ ನೀರಿನಲ್ಲಿ, ಎದೆಯುದ್ದಕ್ಕಿಂತ ಹೆಚ್ಚಿಲ್ಲದ ಕಡೆ ಎಲ್ಲರನ್ನೂ ಒಮ್ಮೆ ಕೂಡಿಸಿ. ಜಾಕೆಟ್ ತೊಟ್ಟು, ಬೇಕೆಂದೇ ದೋಣಿ ಮಗುಚಿಸಿ, ಹೊರಬಂದು, ಹುಟ್ಟನ್ನು ಕೈಬಿಡದೆ, ಮತ್ತೆ ದೋಣಿ ಹತ್ತಬೇಕು. ನಗುತ್ತಲೇ ಮುಗಿದುಹೋಗುವ ಕೆಲಸವಿದು. ಯಾರು ಇದನ್ನು ಮಾಡಲು ಒಪ್ಪುವುದಿಲ್ಲವೋ ಅವರು ಈ ತಿಂಗಳು ದಡದಲ್ಲಿರಲಿ. ಈಜು ಬರುತ್ತದೆ ಎಂಬ ಕಾರಣಕ್ಕೆ ಯಾರಿಗೂ ವಿನಾಯಿತಿ ಕೊಡಬೇಡಿ.

ಜಾಕೆಟ್‌ಗಳೆಲ್ಲ ಒಂದೇ ಅಲ್ಲ. ಐಎಸ್‌ಒ 12402 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ತೇಲಿಸುವ ಬಲವನ್ನು ನ್ಯೂಟನ್‌ಗಳಲ್ಲಿ 50, 100, 150, 275 ಎಂದು ವಿಂಗಡಿಸಿದ್ದಾರೆ. ಕಯಾಕ್ ನಡೆಸುವವರು ತೊಡುವ, ತೋಳು ಸಲೀಸಾಗಿ ಆಡುವ ಜಾಕೆಟ್‌ಗಳು ಹೆಚ್ಚಾಗಿ 50ರವು. ಅವು ಈಜು ಬಲ್ಲವರಿಗಾಗಿ, ದಡವೋ ಸಹಾಯವೋ ಹತ್ತಿರವಿದ್ದಾಗ ಬಳಸಲೆಂದು ಮಾಡಿದವು. ಪ್ರಜ್ಞೆ ತಪ್ಪಿದವನ ಮುಖವನ್ನು ಮೇಲಕ್ಕೆ ತಿರುಗಿಸುವ ಭರವಸೆ ಅವುಗಳದಲ್ಲ. ಈಜು ಬಾರದವರಿಗೆ, ಮಕ್ಕಳಿಗೆ 100ರ ಜಾಕೆಟ್ ಹುಡುಕಿ. ಅದು ಸ್ವಲ್ಪ ದಪ್ಪ, ಹುಟ್ಟು ಹಾಕಲು ತೊಡಕು, ಆದರೂ ಅದೇ ಇರಲಿ. ಮೇಲಿನ ಅಂಕಿಗಿಂತ ಮುಖ್ಯವಾದದ್ದು ಅಳತೆ. ಪಟ್ಟಿಗಳನ್ನೆಲ್ಲ ಬಿಗಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಜಗ್ಗಿ. ಜಾಕೆಟ್ ಕಿವಿಯವರೆಗೆ ಏರಿ ಬಂದರೆ ನೀರಿನಲ್ಲೂ ಹಾಗೆಯೇ ಏರುತ್ತದೆ, ಮನುಷ್ಯ ಮಾತ್ರ ಕೆಳಗೇ ಉಳಿಯುತ್ತಾನೆ. ದೊಡ್ಡವರ ಜಾಕೆಟ್ಟನ್ನು ಮಕ್ಕಳಿಗೆ ಹಗ್ಗ ಸುತ್ತಿ ಕಟ್ಟಿದರೆ ಆಗುವುದು ಇದೇ.

ಇನ್ನು ಹೊಳೆ. ನಿಮಗೆ ಶಾಂತವಾಗಿ ಕಂಡದ್ದು ಹೊಸಬರಿಗೂ ಶಾಂತವೇ ಎಂದು ಅಳೆದು ನೋಡುವುದು ಕಷ್ಟವಲ್ಲ. ದಡದಲ್ಲಿ 10 ಮೀಟರ್ ಗುರುತು ಮಾಡಿ, ನಡುನೀರಿಗೆ ಒಂದು ಕಡ್ಡಿ ಎಸೆದು, ದಾಟಲು ಎಷ್ಟು ಸೆಕೆಂಡ್ ಬೇಕಾಯಿತು ನೋಡಿ. 10 ಸೆಕೆಂಡ್ ಆದರೆ ನೀರಿನ ವೇಗ ಗಂಟೆಗೆ 3.6 ಕಿಲೋಮೀಟರ್. ಹೊಸಬರು ನಿಂತ ನೀರಿನಲ್ಲೇ ಗಂಟೆಗೆ ನಾಲ್ಕೈದು ಕಿಲೋಮೀಟರಿಗಿಂತ ವೇಗವಾಗಿ ಹೋಗುವುದು ಅಪರೂಪ. ಅಂದರೆ ಆ ಹರಿವಿನ ಎದುರಿಗೆ ಅವರು ಬೆವರು ಸುರಿಸಿದರೂ ನಿಂತಲ್ಲೇ ನಿಂತಂತೆ. 20 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಮಾತ್ರ ನಾನು ಹೊಸಬರನ್ನು ಕರೆದೊಯ್ಯುತ್ತೇನೆ. ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ನೆನಪಿಡಿ. ‘ಕಳೆದ ಸಲಕ್ಕಿಂತ ಸ್ವಲ್ಪ ಜೋರು, ಅಷ್ಟೇ’ ಎಂಬ ಮಾತಿನಲ್ಲಿ ಇದೇ ಅಡಗಿರುತ್ತದೆ.

ಮೊದಲ ಕೆಲವು ಸಲ ಮೇಲಕ್ಕೆ ಹೋಗಿ ಹಿಂತಿರುಗಿ ಬನ್ನಿ. ಹೆಚ್ಚಿನ ತಂಡಗಳು ಕೆಳಮುಖವಾಗಿ ಹೊರಟು, ಆಚೆ ತುದಿಯಲ್ಲಿ ವಾಹನ ಕಾಯಿಸುತ್ತವೆ. ಅದರಲ್ಲಿ ಖುಷಿ ಹೆಚ್ಚು, ನಿಜ. ಆದರೆ ಅರ್ಧ ದಾರಿಯಲ್ಲಿ ಒಬ್ಬರ ತೋಳು ಸೋತರೆ ಮುಂದೆ ಹೋಗುವುದೊಂದೇ ಉಪಾಯ. ಮೇಲ್ಮುಖವಾಗಿ ಹೊರಟರೆ ಸುಸ್ತಾದ ಕ್ಷಣದಲ್ಲಿ ತಿರುಗಿಬಿಡಬಹುದು, ಹೊಳೆಯೇ ಮನೆ ಕಡೆಗೆ ತರುತ್ತದೆ. ಜೊತೆಗೆ, ಎದುರು ನೀರಿನಲ್ಲಿ ಹೋಗಲಾಗದ ಹೊಳೆಯಲ್ಲಿ ನಿಮ್ಮ ತಂಡ ಅಂದು ಇರಬಾರದಿತ್ತು ಎಂಬುದು ಹೊರಟ ಹತ್ತು ನಿಮಿಷದಲ್ಲೇ ತಿಳಿಯುತ್ತದೆ.

ಮೇಲ್ಭಾಗದಲ್ಲಿ ಅಣೆಕಟ್ಟು ಇದ್ದರೆ ನೀರು ಬಿಡುವ ಸಮಯವನ್ನು ಅಲ್ಲಿನವರಿಂದಲೇ ಕೇಳಿ ತಿಳಿಯಿರಿ. ಇಲ್ಲಿ ಮಳೆಯಿಲ್ಲ ಎಂಬುದು ಲೆಕ್ಕಕ್ಕಿಲ್ಲ, ಮೇಲೆ ಬಿದ್ದ ಮಳೆ ಗಂಟೆಗಳ ನಂತರ ನಿಮ್ಮಲ್ಲಿಗೆ ಬರುತ್ತದೆ. ಹೊರಡುವಾಗ ನೀರಂಚಿನ ಒಂದು ಕಲ್ಲನ್ನು ಗುರುತಿಟ್ಟುಕೊಂಡು, ವಿಶ್ರಾಂತಿಗೆ ನಿಂತ ಕಡೆಯಲ್ಲೂ ಹೀಗೆ ಮಾಡಿ. ಕಲ್ಲು ಮುಳುಗುತ್ತಿದ್ದರೆ, ನೀರು ಕದಡಿ ಕಸಕಡ್ಡಿ ತೇಲಿ ಬರತೊಡಗಿದರೆ ಚರ್ಚೆ ಬೇಡ, ಎಲ್ಲರೂ ದಡ ಹತ್ತಿ. ಗುಡುಗು ಕೇಳಿದರೂ ಅಷ್ಟೇ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾದು ಮತ್ತೆ ಇಳಿಯಬಹುದು.

ಶಾಂತ ಹೊಳೆಯಲ್ಲಿ ಒಡ್ಡನ್ನು ಬಿಟ್ಟರೆ ದೊಡ್ಡ ಅಪಾಯ ಉರುಳಿಬಿದ್ದ ಮರ. ತಿರುವಿನ ಹೊರಬದಿಯಲ್ಲಿ ನೀರು ದಡವನ್ನು ಕೊರೆಯುವುದರಿಂದ ಮರಗಳು ಬೀಳುವುದು ಅಲ್ಲಿ, ಹರಿವು ದೋಣಿಯನ್ನು ಒಯ್ಯುವುದೂ ಅಲ್ಲಿಗೇ. ಕೊಂಬೆಗಳ ನಡುವೆ ನೀರು ಜರಡಿಯಲ್ಲಿ ಇಳಿದಂತೆ ಇಳಿದುಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ನೀರು ನಿಲ್ಲದೆ ತಳ್ಳುತ್ತಲೇ ಇರುವುದರಿಂದ ಬಿಡಿಸಿಕೊಳ್ಳಲು ಆಗುವುದಿಲ್ಲ. ತಿರುವುಗಳಲ್ಲಿ ಒಳಬದಿ ಹಿಡಿದು ಹೋಗಲು ಕಲಿಸಿ. ಪ್ರತಿ ತಿಂಗಳು ಹೊರಡುವ ಹಿಂದಿನ ದಿನ ನಿಮ್ಮಲ್ಲೊಬ್ಬರು ಇಡೀ ದಾರಿಯನ್ನು ನೋಡಿ ಬರಬೇಕು. ಒಂದು ಪ್ರವಾಹ ಸಾಕು, ನಿಮಗೆ ಗೊತ್ತಿದ್ದ ಹೊಳೆ ಬದಲಾಗಿರುತ್ತದೆ. ದೋಣಿ ಬಂಡೆಗೋ ಮರಕ್ಕೋ ಅಡ್ಡಲಾಗಿ ತಾಗಿದರೆ ಮನಸ್ಸು ಅದರಿಂದ ದೂರ ವಾಲು ಎನ್ನುತ್ತದೆ. ಹಾಗೆ ವಾಲಿದ ಕೂಡಲೇ ಮೇಲಿನಿಂದ ಬರುವ ನೀರು ದೋಣಿಯೊಳಗೆ ನುಗ್ಗಿ ಮಗುಚುತ್ತದೆ. ಬಂಡೆಯ ಕಡೆಗೇ ವಾಲಿ, ಕೈಯಿಂದ ತಬ್ಬಿಕೊಂಡಂತೆ. ದಡದಲ್ಲಿ ಇದನ್ನು ಒಮ್ಮೆ ಅಭಿನಯಿಸಿ ತೋರಿಸಿ, ಬರೀ ಬಾಯಲ್ಲಿ ಹೇಳಿದರೆ ಯಾರಿಗೂ ನೆನಪಿರುವುದಿಲ್ಲ.

ನೀರಿಗೆ ಬಿದ್ದವರು ಹರಿಯುವ ನೀರಿನಲ್ಲಿ ಎದ್ದು ನಿಲ್ಲಲು ಹೋಗಬಾರದು. ಮೊಣಕಾಲಿಗಿಂತ ಆಳವಿದ್ದರೆ, ಕಲ್ಲುಗಳ ಸಂದಿಯಲ್ಲಿ ಪಾದ ಸಿಕ್ಕರೆ, ನೀರೇ ಮನುಷ್ಯನನ್ನು ಮುಂದಕ್ಕೆ ಬಗ್ಗಿಸಿ ಮುಳುಗಿಸುತ್ತದೆ. ಅಂಗಾತ ಮಲಗಿ, ಪಾದಗಳನ್ನು ಮೇಲ್ಮೈಗೆ ತಂದು, ಹರಿವಿನ ದಿಕ್ಕಿಗೆ ಚಾಚಿ, ಕೈಯಿಂದ ದಡದ ಕಡೆಗೆ ಈಜುತ್ತ ಸಾಗಬೇಕು. ಉರುಳಿದ ಮರವೇ ಎದುರಾಗಿ ತಪ್ಪಿಸಿಕೊಳ್ಳಲಾಗದಿದ್ದರೆ ಮಾತ್ರ ಈ ನಿಯಮ ತಲೆಕೆಳಗಾಗುತ್ತದೆ. ಆಗ ಬೋರಲಾಗಿ, ತಲೆ ಮುಂದಾಗಿ, ಜೋರಾಗಿ ಈಜಿ ಕೊಂಬೆಯ ಮೇಲೆ ಹತ್ತಿಬಿಡಬೇಕು.

ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂಬ ಗಾದೆ ಈ ಆಟಕ್ಕೆ ಹೊಂದುವುದಿಲ್ಲ. ನೀರು 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಬಿದ್ದ ಕ್ಷಣದಲ್ಲಿ ಉಸಿರು ತಾನಾಗಿ ಒಳಗೆಳೆದುಕೊಳ್ಳುತ್ತದೆ. ಬಾಯಿ ನೀರೊಳಗಿದ್ದರೆ ಒಳಗೆ ಹೋಗುವುದು ನೀರೇ. ಬಹಳ ತಣ್ಣನೆಯ ನೀರಿಗೆ ಜನ ನೆನಪಿಟ್ಟುಕೊಳ್ಳುವ ಅಂದಾಜು 1, 10, 1: ಉಸಿರು ಹತೋಟಿಗೆ ಬರಲು ಒಂದು ನಿಮಿಷ, ಕೈಕಾಲು ಹೇಳಿದಂತೆ ಕೇಳುವುದು ಹತ್ತು ನಿಮಿಷ, ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ. ಬಟ್ಟೆ ತೊಡುವಾಗ ಗಾಳಿಯ ಬಿಸಿಯನ್ನಲ್ಲ, ನೀರಿನ ತಣ್ಪನ್ನು ನೋಡಬೇಕು.

ಕೆನೋ ಮತ್ತು ಕಯಾಕ್ ನಡುವೆ ಆಯ್ಕೆ ನಿಮಗೆ ದೊಡ್ಡ ಪ್ರಶ್ನೆಯಾಗಿ ಕಂಡಿರಬಹುದು, ನನಗೆ ಅಷ್ಟೇನೂ ಅಲ್ಲ. ಮೇಲೆಯೇ ಕುಳಿತುಕೊಳ್ಳುವ, ಒಡಲೊಳಗೆ ನೀರು ಹೋಗದಂತೆ ಮುಚ್ಚಿದ ಕಯಾಕ್ ಹೊಸಬರಿಗೆ ಮೊದಲ ಆಯ್ಕೆ. ಮಗುಚಿದರೆ ಕಾಲು ಸಿಕ್ಕುವುದಿಲ್ಲ, ನೀರು ತುಂಬುವುದಿಲ್ಲ, ತಿರುಗಿಸಿ ಹತ್ತಿದರೆ ಮುಗಿಯಿತು. ಒಳಗೆ ಕಾಲಿಳಿಸಿ ಕೂರುವ ಕಯಾಕ್ ಇದ್ದರೆ ಸೊಂಟಕ್ಕೆ ಬಿಗಿಯುವ ಹೊದಿಕೆಯನ್ನು ಹೊಸಬರಿಗೆ ಕೊಡಬೇಡಿ. ತೆರೆದ ಕೆನೋದಲ್ಲಿ ಒಂದೇ ಅಲಗಿನ ಹುಟ್ಟಿನಿಂದ ನೇರ ಹೋಗುವುದೇ ಒಂದು ವಿದ್ಯೆ, ಎತ್ತರದ ಅಂಚಿಗೆ ಗಾಳಿಯೂ ಹಿಡಿಯುತ್ತದೆ. ನೀರು ತುಂಬಿದ ಕೆನೋ ನೂರಾರು ಕಿಲೋ ತೂಗುತ್ತದೆ, ಅದರ ಮತ್ತು ಬಂಡೆಯ ನಡುವೆ ಯಾರೂ ಇರಬಾರದು. ಆದರೂ ಮಕ್ಕಳನ್ನು ಕರೆದೊಯ್ಯಲು ಕೆನೋವೇ ಒಳ್ಳೆಯದು, ಹಿಂಬದಿಯಲ್ಲಿ ನಿಮ್ಮ ಮೂವರಲ್ಲೊಬ್ಬರು ಕುಳಿತಿದ್ದರೆ. ದಿಕ್ಕು ಹಿಡಿಯುವುದು ಹಿಂದಿನವರ ಕೆಲಸ. ಇಬ್ಬರು ಹೊಸಬರನ್ನು ಒಂದೇ ಕೆನೋದಲ್ಲಿ ಕೂರಿಸಬೇಡಿ. ಅವರು ಗಂಡ ಹೆಂಡತಿಯಾಗಿದ್ದರಂತೂ ಬೇಡವೇ ಬೇಡ, ದೋಣಿ ಮಗುಚದಿದ್ದರೂ ಇಡೀ ತಂಡ ಅವರ ಜಗಳ ಕೇಳಬೇಕಾಗುತ್ತದೆ.

ಸಾಲಿನಲ್ಲಿ ಮುಂದೊಬ್ಬರು, ಹಿಂದೊಬ್ಬರು, ನಡುವೆ ಓಡಾಡಿಕೊಂಡು ಒಬ್ಬರು. ಮುಂದಿನವರನ್ನು ಯಾರೂ ದಾಟಬಾರದು, ಹಿಂದಿನವರಿಗಿಂತ ಯಾರೂ ಹಿಂದೆ ಉಳಿಯಬಾರದು. ಪ್ರತಿಯೊಬ್ಬರೂ ತಮ್ಮ ಹಿಂದಿನ ದೋಣಿ ಕಾಣುವಷ್ಟು ದೂರದಲ್ಲೇ ಇರಬೇಕು. ಎಲ್ಲರಿಗಿಂತ ನಿಧಾನದವರನ್ನು ಹಿಂದಕ್ಕೆ ಹಾಕುವುದು ವಾಡಿಕೆ. ನಾನು ಅವರನ್ನು ಮುಂದಿನವರ ಬೆನ್ನಿಗೇ ಇರಿಸುತ್ತೇನೆ, ತಂಡದ ವೇಗ ಅವರದೇ ಆಗುತ್ತದೆ. ಹಿಂದೆ ಉಳಿದವರ ಪಾಡು ಗಮನಿಸಿದ್ದೀರಾ? ಮುಂದಿನವರು ನಿಂತು ದಣಿವಾರಿಸಿಕೊಂಡು, ಇವರು ಏದುಸಿರು ಬಿಡುತ್ತ ಬಂದು ಸೇರುವ ಹೊತ್ತಿಗೆ ‘ಹೊರಡೋಣವೇ?’ ಎನ್ನುತ್ತಾರೆ. ದಿನವಿಡೀ ವಿಶ್ರಾಂತಿಯಿಲ್ಲದ ಒಬ್ಬರು ಯಾರೆಂದರೆ ಅದು ಹೆಚ್ಚು ಬೇಕಿದ್ದವರೇ.

ಸನ್ನೆಗಳು ಕಡಿಮೆ ಇರಲಿ. ಒಂದು ಸೀಟಿಯೆಂದರೆ ನನ್ನ ಕಡೆ ನೋಡಿ, ಮೂರೆಂದರೆ ಆಪತ್ತು. ಹುಟ್ಟನ್ನು ಅಡ್ಡ ಹಿಡಿದರೆ ನಿಲ್ಲಿ, ನೆಟ್ಟಗೆ ಹಿಡಿದರೆ ಬನ್ನಿ. ಕೈ ತೋರಿಸುವುದು ಯಾವಾಗಲೂ ಹೋಗಬೇಕಾದ ಕಡೆಗೆ, ಅಪಾಯದ ಕಡೆಗೆ ಎಂದೂ ಅಲ್ಲ. ಸದ್ದಿನ ನಡುವೆ ಚಾಚಿದ ಕೈಯನ್ನು ಕಂಡವರು ಅತ್ತಲೇ ಹೋಗುತ್ತಾರೆ.

ಯಾರಾದರೂ ಮಗುಚಿದರೆ ಮೊದಲು ಮನುಷ್ಯ, ಆಮೇಲೆ ದೋಣಿ, ಕೊನೆಗೆ ಹುಟ್ಟು. ತೇಲಿಹೋಗುವ ಚಪ್ಪಲಿಯ ಬೆನ್ನು ಹತ್ತುವವರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ, ಮೊದಲೇ ಎಚ್ಚರಿಸಿ. ಹಿಂದಿನವರ ಬಳಿ 15ರಿಂದ 20 ಮೀಟರ್ ಉದ್ದದ, ಚೀಲದಲ್ಲಿ ತುಂಬಿ ಎಸೆಯುವ ತೇಲುಹಗ್ಗ ಇರಲಿ. ಎಸೆಯುವವರಾಗಲಿ ಹಿಡಿಯುವವರಾಗಲಿ ಅದನ್ನು ಕೈಗೋ ಸೊಂಟಕ್ಕೋ ಸುತ್ತಿಕೊಳ್ಳಬಾರದು. ಹಿಡಿದವರು ಅಂಗಾತ ಮಲಗಿ ಹಗ್ಗವನ್ನು ಭುಜದ ಮೇಲಿಂದ ತಂದು ಎದೆಯ ಬಳಿ ಹಿಡಿದರೆ ನೀರು ಮುಖದ ಮೇಲೆ ಬರುವುದಿಲ್ಲ. ಹಗ್ಗ ಎಸೆಯುವುದನ್ನು ಹುಲ್ಲಿನ ಮೇಲೆ ಮತ್ತೆ ಮತ್ತೆ ಅಭ್ಯಾಸ ಮಾಡಿ. ಮೊದಲ ಎಸೆತ ಗುರಿ ತಪ್ಪಿದರೆ ಹಗ್ಗ ಸುತ್ತಿ ಮತ್ತೆ ಎಸೆಯುವ ಹೊತ್ತಿಗೆ ಹೊಳೆ ಅವರನ್ನು ದೂರ ಒಯ್ದಿರುತ್ತದೆ.

ಹಿಂದಿರುಗಿದ ಮೇಲೆ ದೋಣಿಗಳಿಗೆ ಅಂಟಿದ ಕಳೆಯನ್ನು ಅಲ್ಲೇ ತೆಗೆದು, ಒಳಗಿನ ನೀರು ಸುರಿದು, ಪೂರ್ತಿ ಒಣಗಿಸಿ. ಜಲಕಳೆಯ ಒಂದು ತುಣುಕು ಸಾಕು, ಇನ್ನೊಂದು ಹೊಳೆಯಲ್ಲಿ ಬೇರುಬಿಡಲು. ಗಾಯವಿದ್ದವರು ಅದನ್ನು ನೀರು ಸೋಕದಂತೆ ಮುಚ್ಚಿಕೊಂಡೇ ಇಳಿಯಬೇಕು. ಇಲಿ ಮತ್ತಿತರ ಪ್ರಾಣಿಗಳ ಮೂತ್ರ ಸೇರಿದ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಬರುತ್ತದೆ, ಮಳೆ ಪ್ರವಾಹಗಳ ನಂತರ ಹೆಚ್ಚು. ಮುಂದಿನ ವಾರಗಳಲ್ಲಿ ಜ್ವರ, ಮೈಕೈ ನೋವು ಬಂದರೆ ಹೊಳೆಗಿಳಿದಿದ್ದೆ ಎಂದು ವೈದ್ಯರಿಗೆ ಹೇಳಲಿ.

ಒಪ್ಪಿಗೆ ಪತ್ರ ಬರೆಸಿಕೊಳ್ಳಿ, ಆದರೆ ಅದನ್ನು ರಕ್ಷಾಕವಚವೆಂದು ತಿಳಿಯಬೇಡಿ. ಎಚ್ಚರ ತಪ್ಪಿದ ಆಯೋಜಕರನ್ನು ಒಂದು ಸಹಿ ಕಾಪಾಡುತ್ತದೆ ಎಂದು ನಂಬುವಂತಿಲ್ಲ. ಪತ್ರದ ನಿಜವಾದ ಉಪಯೋಗ ಬೇರೆ. ಮೂರ್ಛೆರೋಗ, ಹೃದಯದ ತೊಂದರೆ, ಆಸ್ತಮಾ, ಭುಜ ಕಳಚಿದ ಚರಿತ್ರೆ, ತೆಗೆದುಕೊಳ್ಳುವ ಔಷಧ, ಮನೆಯವರ ದೂರವಾಣಿ ಸಂಖ್ಯೆ ಇಷ್ಟನ್ನೂ ಅದರಲ್ಲಿ ಬರೆಸಿ. ಎಲ್ಲರೆದುರು ಕೇಳಿದರೆ ಯಾರೂ ಹೇಳುವುದಿಲ್ಲ, ಕಾಗದದಲ್ಲಿ ಬರೆಯುತ್ತಾರೆ. ಆ ಪತ್ರಗಳನ್ನು ಮುಖ್ಯಸ್ಥರು ತಮ್ಮ ದೋಣಿಯ ಚೀಲದಲ್ಲಿ ಒಯ್ಯುವುದನ್ನು ನೋಡಿದ್ದೇನೆ. ಅವು ಇರಬೇಕಾದದ್ದು ದಡದಲ್ಲಿ ಉಳಿಯುವ ಒಬ್ಬರ ಕೈಯಲ್ಲಿ, ಯಾರು ಯಾವ ಬಣ್ಣದ ದೋಣಿಯಲ್ಲಿದ್ದಾರೆ, ಎಷ್ಟು ಗಂಟೆಯೊಳಗೆ ಸುದ್ದಿ ಬಾರದಿದ್ದರೆ ಯಾರಿಗೆ ಕರೆ ಮಾಡಬೇಕು ಎಂಬ ಚೀಟಿಯ ಜೊತೆಗೆ.